ವಿಮಾನದ ಮೇಲೆ ಒಂದು ಹೆಸರು, ಪೇ ಸ್ಲಿಪ್‌ನಲ್ಲಿ ಇನ್ನೊಂದು: ಅಮೆರಿಕದ ರೀಜನಲ್ ಏರ್‌ಲೈನ್‌ಗೆ ಮಗ ಸೇರಬೇಕಾ?

ದಾವಣಗೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ಮೂಲ ದಾವಣಗೆರೆ, ಈಗ ಡಲ್ಲಾಸ್ ಹತ್ತಿರ ಇದ್ದೇವೆ. ಮಗನಿಗೆ ಗ್ರೀನ್ ಕಾರ್ಡ್ ಇದೆ. ಅರಿಜೋನಾದಲ್ಲಿ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಿದ್ದಾನೆ, ಏರ್‌ಲೈನ್ ಸೇರೋಕೆ ಬೇಕಾದ 1500 ಗಂಟೆ ಹಾರಾಟ ಮುಗಿಯುತ್ತಾ ಬಂತು. ಒಂದು ರೀಜನಲ್ ಏರ್‌ಲೈನ್‌ನಿಂದ ಕರೆ ಬಂದಿದೆ. ಸೇರುವಾಗ ಬೋನಸ್ ಕೊಡುತ್ತಾರೆ, ಬೇಗ ಬಿಟ್ಟರೆ ವಾಪಸ್ ಕಟ್ಟಬೇಕು ಅಂತ ಕರಾರು.

"ವಿಮಾನದ ಮೇಲೆ ದೊಡ್ಡ ಕಂಪನಿ ಹೆಸರೇ ಇರುತ್ತೆ ಅಮ್ಮ, ಒಂದೆರಡು ವರ್ಷ ಆದಮೇಲೆ ಅಲ್ಲಿಗೇ ಹೋಗುತ್ತೇನೆ" ಅಂತಾನೆ ಮಗ. ನನ್ನ ತಮ್ಮ ನೋಡಿದರೆ "ಅದು ಗುತ್ತಿಗೆ ಕೆಲಸ ಅಕ್ಕ, ಅಲ್ಲೇ ಸಿಕ್ಕಿಹಾಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ" ಅಂತಾನೆ. ಯಾರ ಮಾತು ನಂಬಲಿ? ಈ ಕೆಲಸದಲ್ಲಿ ಇರುವವರು ಹೇಳಿ.

ಎಡಸೀಟು

ಅಕ್ಕಾ, ನಾನು ರೀಜನಲ್‌ನಲ್ಲೇ ಕ್ಯಾಪ್ಟನ್. ಕಂಪನಿ ಹೆಸರು ಬೇಡ.

ನಿಮ್ಮ ತಮ್ಮನ ಮಾತಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜ ಇದೆ. ಬೆಂಗಳೂರಿನ ಎಲೆಕ್ಟ್ರಿಕ್ ಬಸ್ ನೋಡಿದ್ದೀರಲ್ಲ. ಮೈಮೇಲೆ ಬಿಎಂಟಿಸಿ ಅಂತ ಬರೆದಿದೆ, ಟಿಕೆಟ್ ಹರಿಯೋದು ಬಿಎಂಟಿಸಿ ಕಂಡಕ್ಟರ್. ಡ್ರೈವರ್ ಮಾತ್ರ ಖಾಸಗಿ ಕಂಪನಿಯವರು, ಕಿಲೋಮೀಟರಿಗೆ ಇಷ್ಟು ಅಂತ ಆ ಕಂಪನಿಗೆ ದುಡ್ಡು. ಇಲ್ಲಿಯೂ ಹಾಗೇ. ಅಮೆರಿಕನ್ ಈಗಲ್, ಡೆಲ್ಟಾ ಕನೆಕ್ಷನ್, ಯುನೈಟೆಡ್ ಎಕ್ಸ್‌ಪ್ರೆಸ್ ಅನ್ನೋದೆಲ್ಲ ಬರೀ ಬ್ರ್ಯಾಂಡ್. ಒಳಗೆ ಹಾರಿಸೋರು ಸ್ಕೈವೆಸ್ಟ್, ರಿಪಬ್ಲಿಕ್, ಎಂಡೆವರ್, ಎನ್ವಾಯ್, ಪಿಎಸ್‌ಎ, ಗೋಜೆಟ್ ಹೀಗೆ ಬೇರೆ ಬೇರೆ ಕಂಪನಿಯವರು. ಸ್ಕೈವೆಸ್ಟ್ ಒಂದೇ ನಾಲ್ಕು ದೊಡ್ಡ ಕಂಪನಿಗಳಿಗೆ ಹಾರುತ್ತದೆ: ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕಾ.

ಟಿಕೆಟ್ ಮಾರೋದು, ದರ ಇಡೋದು, ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಿಗೆ ಅಂತ ಹೇಳೋದು, ಎಣ್ಣೆ ಖರ್ಚು ಹೊರೋದು, ಸಾಮಾನ್ಯವಾಗಿ ಇವೆಲ್ಲ ದೊಡ್ಡ ಕಂಪನಿ ಪಾಲು. ಸಣ್ಣ ಕಂಪನಿ ಪೈಲಟ್, ಗಗನಸಖಿ, ಮೆಕ್ಯಾನಿಕ್‌ಗಳನ್ನು ಇಟ್ಟುಕೊಂಡು ವಿಮಾನ ಓಡಿಸಬೇಕು. ಹೊರಟ ವಿಮಾನಕ್ಕೆ ಇಷ್ಟು, ಹಾರಿದ ಗಂಟೆಗೆ ಇಷ್ಟು ಅಂತ ಹಣ ಸಿಗುತ್ತದೆ. ಸೀಟು ತುಂಬಿದರೂ ಅಷ್ಟೇ, ಖಾಲಿ ಹೋದರೂ ಅಷ್ಟೇ.

ಅಂದರೆ ಈ ಕಂಪನಿಗಳು ಪ್ರಯಾಣಿಕರಿಗಾಗಿ ಪೈಪೋಟಿ ಮಾಡೋದಿಲ್ಲ. ಯಾರು ಕಡಿಮೆಗೆ ಹಾರಿಸುತ್ತಾರೆ ಅನ್ನೋದೇ ಪೈಪೋಟಿ. ಎಣ್ಣೆ ಬೆಲೆ ಇವರ ಕೈಲಿಲ್ಲ, ವಿಮಾನದ ಬೆಲೆಯೂ ಇಲ್ಲ. ಕೈಲಿ ಉಳಿಯೋದು ಸಿಬ್ಬಂದಿ ಸಂಬಳ. ಹಳೆ ಪೈಲಟ್‌ಗಳು ಜಾಸ್ತಿ ಆದಷ್ಟೂ ಕಂಪನಿ ದುಬಾರಿ ಆಗುತ್ತದೆ. ದುಬಾರಿ ಆದರೆ ಗುತ್ತಿಗೆ ಮುಗಿದಾಗ ಕೆಲಸ ಇನ್ನೊಬ್ಬರ ಪಾಲು.

ಕಾಮ್‌ಏರ್ ಅಂತ ಇತ್ತು, ಸಿನ್ಸಿನಾಟಿ ಕಡೆಯದು, ಪೂರ್ತಿ ಡೆಲ್ಟಾ ಕಂಪನಿಯದೇ. 2001ರಲ್ಲಿ ಅಲ್ಲಿನ ಪೈಲಟ್‌ಗಳು 89 ದಿನ ಮುಷ್ಕರ ಮಾಡಿ ಒಳ್ಳೆ ಒಪ್ಪಂದ ಪಡೆದರು. ಆಮೇಲೆ ವಿಮಾನಗಳು ಒಂದೊಂದಾಗಿ ಕಡಿಮೆಯಾದವು, 2012ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಮುಚ್ಚಿತು. ಡೆಲ್ಟಾ ವಿಮಾನಗಳು ಹಾರುತ್ತಲೇ ಇದ್ದವು. ಕಾಮ್‌ಏರ್‌ನವರ ಸೀನಿಯಾರಿಟಿ ಡೆಲ್ಟಾಗೆ ಹೋಗಲಿಲ್ಲ. 2020ರಲ್ಲಿ ಕಂಪಾಸ್ ಮತ್ತು ಟ್ರಾನ್ಸ್ ಸ್ಟೇಟ್ಸ್ ಮುಚ್ಚಿದವು. ಅದೇ ವರ್ಷ ಎಕ್ಸ್‌ಪ್ರೆಸ್‌ಜೆಟ್ ಯುನೈಟೆಡ್ ಕೆಲಸ ಕಳೆದುಕೊಂಡಿತು.

ಹಾಗಂತ ಮಗ ಸೇರೋದೇ ಬೇಡ ಅಂತ ನಾನು ಹೇಳುತ್ತಿಲ್ಲ. ಗ್ರೀನ್ ಕಾರ್ಡ್ ಇರುವ ಹುಡುಗ, ಸೇನೆಯಲ್ಲಿ ಹಾರಿಸಿದವನಲ್ಲ. ಅವನಿಗೆ ಇದೇ ದಾರಿ. ಆದರೆ ಎಲ್ಲಿ ಕಾಲಿಡುತ್ತಿದ್ದೇನೆ ಅಂತ ಗೊತ್ತಿದ್ದು ಇಡಬೇಕು.

ಬಲಸೀಟು

ಸೀನಿಯಾರಿಟಿ ಬಗ್ಗೆ ಇನ್ನೂ ಬಿಡಿಸಿ ಹೇಳಬೇಕು ಸಾರ್. ಹೊರಗಿನವರಿಗೆ ಇದು ಅರ್ಥ ಆಗೋದೇ ಇಲ್ಲ.

ಅಮ್ಮಾ, ನಾನು ಇನ್ನೊಂದು ರೀಜನಲ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ಇಲ್ಲಿ ಪೈಲಟ್‌ಗೆ ಇರೋದು ಒಂದು ನಂಬರ್, ಅಷ್ಟೇ. ಸೇರಿದ ದಿನದ ಮೇಲೆ ಆ ನಂಬರ್. ಡ್ಯೂಟಿ ಶುರುವಾಗುವ ಊರು ಅಂದರೆ ಬೇಸ್ ಯಾವುದು, ಯಾವ ವಿಮಾನ, ಯಾವ ದಿನ ರಜೆ, ಕ್ಯಾಪ್ಟನ್ ಯಾವಾಗ, ಕೆಲಸ ಕಡಿಮೆಯಾದಾಗ ಮನೆಗೆ ಮೊದಲು ಹೋಗೋದು ಯಾರು, ಎಲ್ಲ ಅದರ ಮೇಲೆ. ಎಷ್ಟು ಚೆನ್ನಾಗಿ ಇಳಿಸುತ್ತೀರಿ ಅನ್ನೋದು ಲೆಕ್ಕಕ್ಕಿಲ್ಲ. ಪ್ರತಿ ತಿಂಗಳು ಯಾವ ಡ್ಯೂಟಿ ಬೇಕು ಅಂತ ಬಿಡ್ ಮಾಡುತ್ತೇವೆ, ಮೇಲಿನವರು ಆರಿಸಿಕೊಂಡು ಉಳಿದದ್ದು ಕೆಳಗಿನವರಿಗೆ. ಹೊಸಬರಿಗೆ ಲೈನ್, ಅಂದರೆ ತಿಂಗಳ ಗೊತ್ತಾದ ವೇಳಾಪಟ್ಟಿ ಸಿಗೋದಿಲ್ಲ, ರಿಸರ್ವ್. ಫೋನ್ ಕೈಯಲ್ಲಿ ಹಿಡಿದು ಕಾಯುವ ಕೆಲಸ. ಯುಗಾದಿ, ದೀಪಾವಳಿ ಬಿಡಿ, ಕ್ರಿಸ್‌ಮಸ್‌ಗೂ ರಜೆ ಸಿಗೋದು ಹಳಬರಿಗೆ ಮಾತ್ರ.

ಕಂಪನಿ ಬದಲಾಯಿಸಿದರೆ ಆ ನಂಬರ್ ಅಲ್ಲೇ ಉಳಿಯುತ್ತದೆ. ಇನ್ನೊಂದು ಕಡೆ ಮತ್ತೆ ಪಟ್ಟಿಯ ಕೊನೆ.

ನನ್ನ ಜೊತೆ ಸಿಮ್ಯುಲೇಟರ್ ಟ್ರೈನಿಂಗ್ ಮಾಡಿದವರೊಬ್ಬರು ಮುಚ್ಚಿಹೋದ ಒಂದು ಕಂಪನಿಯಲ್ಲಿ ಕ್ಯಾಪ್ಟನ್ ಆಗಿದ್ದವರು. ಮೀಸೆ ಬೆಳ್ಳಗಾಗಿದೆ. ಕಾಲೇಜು ಓದುವ ಮಗಳಿದ್ದಾಳೆ. ನನ್ನ ಪಕ್ಕದಲ್ಲೇ ಕೂತು ಚೆಕ್‌ಲಿಸ್ಟ್ ಓದುತ್ತಿದ್ದರು. ಯಾವ ಸ್ವಿಚ್ ಎಲ್ಲಿ ಅಂತ ಇನ್‌ಸ್ಟ್ರಕ್ಟರ್‌ಗಿಂತ ಮೊದಲು ಅವರ ಕೈ ಹೋಗುತ್ತಿತ್ತು. ಪಟ್ಟಿಯಲ್ಲಿ ಮಾತ್ರ ಅವರು ನನಗಿಂತ ಎರಡು ಸಾಲು ಕೆಳಗೆ. ಮೊದಲ ರಿಸರ್ವ್ ಬಿಡ್‌ನಲ್ಲಿ ನನಗೆ ಶನಿವಾರ ರಜೆ ಬಂತು, ಅವರಿಗೆ ಬರಲಿಲ್ಲ.

ಹುಬ್ಬಳ್ಳಿ ಧೂಳು

ನಾನು ಪೈಲಟ್ ಅಲ್ಲ, ವಿಮಾನದ ಹುಚ್ಚು ಅಷ್ಟೇ. ನಮ್ಮ ಹುಬ್ಬಳ್ಳಿಗೆ 2019ರ ಜನವರಿಯಲ್ಲಿ ಸ್ಟಾರ್ ಏರ್ ಬೆಂಗಳೂರಿಂದ ಶುರು ಮಾಡಿತು, 50 ಸೀಟಿನ ಎಂಬ್ರೇಯರ್ 145. ಈಗ 76 ಸೀಟಿನ ಇ175 ಕೂಡ ಇದೆ. ಇವೇ ವಿಮಾನ ಅಲ್ಲವಾ ಅಮೆರಿಕದ ರೀಜನಲ್‌ಗಳಲ್ಲಿ ಇರೋದು? ಹಾಗಾದರೆ ಸ್ಟಾರ್ ಏರ್ ಕೂಡ ಗುತ್ತಿಗೆಯಾ?

ಇನ್ನೊಂದು. ನಮ್ಮಲ್ಲಿ 200 ಗಂಟೆಗೆ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ತಗೊಂಡು ನೇರ ಏರ್‌ಬಸ್‌ನ ಬಲಸೀಟಿಗೆ ಹೋಗುತ್ತಾರೆ. ಅಲ್ಲಿ 1500 ಯಾಕೆ?

ಎಡಸೀಟು

ವಿಮಾನ ಅದೇ, ವ್ಯವಹಾರ ಬೇರೆ ಅಣ್ಣ. ಸ್ಟಾರ್ ಏರ್ ತನ್ನ ಹೆಸರಲ್ಲಿ ಹಾರುತ್ತದೆ, ತನ್ನ ಟಿಕೆಟ್ ತಾನೇ ಮಾರುತ್ತದೆ. ಲಾಭ ನಷ್ಟ ಅದರದೇ. ಹುಬ್ಬಳ್ಳಿಯಲ್ಲಿ ಹತ್ತುವವರಿಗೆ ಯಾರ ವಿಮಾನ ಅಂತ ಗೊತ್ತು.

1500 ಗಂಟೆಯ ಹಿಂದೆ ಒಂದು ಅಪಘಾತ ಇದೆ. 2009ರ ಫೆಬ್ರವರಿ 12, ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ 3407. ವಿಮಾನದ ಮೇಲೆ ಕಾಂಟಿನೆಂಟಲ್ ಕನೆಕ್ಷನ್ ಅಂತ ಇತ್ತು, ಹಾರಿಸುತ್ತಿದ್ದದ್ದು ಕೋಲ್ಗನ್ ಏರ್. ವೇಗ ಕಡಿಮೆಯಾಗಿ ಸ್ಟಿಕ್ ಶೇಕರ್, ಅಂದರೆ ಎಚ್ಚರಿಕೆಗೆ ಕಂಟ್ರೋಲ್ ಅನ್ನು ನಡುಗಿಸುವ ಸಾಧನ, ಅಲುಗಿದಾಗ ಮೂತಿ ಇಳಿಸುವ ಬದಲು ಕ್ಯಾಪ್ಟನ್ ಮೇಲಕ್ಕೆ ಎಳೆದರು. ಒಳಗಿದ್ದ 49 ಜನ, ಕೆಳಗೆ ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜೀವ ಹೋಯಿತು.

ತನಿಖೆಯಲ್ಲಿ ಹೊರಬಂದದ್ದನ್ನು ಕೇಳಿ ಇಡೀ ದೇಶ ಬೆಚ್ಚಿತು. ಫಸ್ಟ್ ಆಫೀಸರ್ ಇದ್ದದ್ದು ಸಿಯಾಟಲ್ ಕಡೆ ಅಪ್ಪ ಅಮ್ಮನ ಮನೆಯಲ್ಲಿ, ಡ್ಯೂಟಿ ಮಾತ್ರ ನ್ಯೂವಾರ್ಕ್‌ನಿಂದ. ರಾತ್ರಿಯಿಡೀ ಸರಕು ವಿಮಾನದಲ್ಲಿ ಕೂತು ಡ್ಯೂಟಿಗೆ ಬಂದಿದ್ದರು. ಕ್ಯಾಪ್ಟನ್ ಹಿಂದಿನ ರಾತ್ರಿ ಕಳೆದದ್ದು ಕ್ರ್ಯೂ ರೂಮ್‌ನಲ್ಲಿ. ಆ ಕಾಲದಲ್ಲಿ ಹೊಸ ಫಸ್ಟ್ ಆಫೀಸರ್‌ಗೆ ಹಾರಿದ ಗಂಟೆಗೆ 20 ಡಾಲರ್ ಆಸುಪಾಸು. ಬೇಸ್ ಇರುವ ಊರಲ್ಲಿ ಬಾಡಿಗೆ ಮನೆ ಹಿಡಿಯೋದು ಕನಸಿನ ಮಾತು.

ಸತ್ತವರ ಮನೆಯವರು ಸುಮ್ನೆ ಕೂರಲಿಲ್ಲ. ವಾಷಿಂಗ್ಟನ್‌ಗೆ ಅಲೆದರು. 2010ರಲ್ಲಿ ಕಾನೂನು ಬಂತು, 2013ರಿಂದ ಫಸ್ಟ್ ಆಫೀಸರ್‌ಗೂ ಎಟಿಪಿ (ಏರ್‌ಲೈನ್ ಪೈಲಟ್‌ನ ಮೇಲಿನ ದರ್ಜೆಯ) ಲೈಸೆನ್ಸ್ ಬೇಕಾಯಿತು. ಅದಕ್ಕೇ 1500 ಗಂಟೆ. ಸೇನೆಯಿಂದ ಬಂದವರಿಗೆ 750, ಮಾನ್ಯತೆ ಇರುವ ಏವಿಯೇಷನ್ ಪದವಿ ಇದ್ದರೆ 1000. ಟಿಕೆಟ್ ಮಾರುವಾಗ ನಿಜವಾಗಿ ಹಾರಿಸುವ ಕಂಪನಿ ಯಾವುದು ಅಂತ ಮೊದಲೇ ತೋರಿಸಬೇಕು ಅನ್ನೋದೂ ಅದೇ ಕಾನೂನಿನಲ್ಲಿ ಬಂತು. ಬುಕ್ ಮಾಡುವಾಗ ಸಣ್ಣ ಅಕ್ಷರದಲ್ಲಿ "ಆಪರೇಟೆಡ್ ಬೈ" ಅಂತ ಬರುತ್ತದಲ್ಲ, ಅದು ಇದೇ.

ಲೆಕ್ಕದ ಮೇಷ್ಟ್ರು

ಕೋಲ್ಗನ್ ಪೈಲಟ್‌ಗಳಿಬ್ಬರಿಗೂ 1500ಕ್ಕಿಂತ ಜಾಸ್ತಿ ಗಂಟೆ ಇತ್ತು. ಆ ನಿಯಮ ಇದ್ದಿದ್ದರೂ ಅಪಘಾತ ತಪ್ಪುತ್ತಿರಲಿಲ್ಲ. ಸಣ್ಣ ಸೆಸ್ನಾ ವಿಮಾನದಲ್ಲಿ ಸುತ್ತಿದಲ್ಲೇ ಸುತ್ತಿ ಗಂಟೆ ತುಂಬಿಸಿದರೆ ಜೆಟ್ ಹಾರಿಸೋದು ಬರುತ್ತದಾ?

ಹೊರಗುತ್ತಿಗೆ ಬಗ್ಗೆಯೂ ಒಂದು ಮಾತು. ಸಣ್ಣ ಊರಿಗೆ ವಿಮಾನ ಬೇಕು ಅಂದರೆ ಖರ್ಚು ಕಡಿಮೆ ಇರಲೇಬೇಕು. ಯುನೈಟೆಡ್ ತನ್ನ ಪೈಲಟ್‌ಗೆ ಕೊಡುವ ಸಂಬಳ ಕೊಟ್ಟು 50 ಸೀಟಿನ ವಿಮಾನ ಓಡಿಸಿದರೆ ಆ ಊರಿಗೆ ವಿಮಾನವೇ ಇರೋದಿಲ್ಲ. 2022ರ ಮಾರ್ಚ್‌ನಲ್ಲಿ ಸ್ಕೈವೆಸ್ಟ್ ಪೈಲಟ್ ಕೊರತೆ ಅಂತ ಸರ್ಕಾರಿ ಸಹಾಯಧನದ 29 ಊರುಗಳನ್ನು ಬಿಡುತ್ತೇನೆ ಅಂತ ನೋಟಿಸ್ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಟೊಲೀಡೊ, ಇಥಾಕಾ, ಐಸ್ಲಿಪ್ ಬಿಟ್ಟಿತು. ಅಲ್ಲಿನ ಜನ ಏನು ಮಾಡಬೇಕು?

ಎಡಸೀಟು

ಮೇಷ್ಟ್ರೇ, ಗಂಟೆ ಲೆಕ್ಕದ ಬಗ್ಗೆ ನಿಮ್ಮ ಮಾತು ತೆಗೆದುಹಾಕುವ ಹಾಗಿಲ್ಲ. ಬರೀ ಗಂಟೆಯಿಂದ ಪೈಲಟ್ ಆಗೋದಿಲ್ಲ. ಆದರೆ ನಿಯಮ ಇನ್ನೊಂದು ಕೆಲಸ ಮಾಡಿತು, ಅದನ್ನೂ ನೋಡಿ. ಮೊದಲು 250 ಗಂಟೆಯ ಹುಡುಗರನ್ನು ಎಷ್ಟು ಕಡಿಮೆ ಸಂಬಳಕ್ಕೆ ಬೇಕಾದರೂ ತರಬಹುದಿತ್ತು. ಆ ದಾರಿ ಮುಚ್ಚಿದ ಮೇಲೆ ಕಂಪನಿಗಳು ಸಂಬಳ ಏರಿಸಲೇಬೇಕಾಯಿತು. 2022ರಲ್ಲಿ ರಿಪಬ್ಲಿಕ್ ತನ್ನ ತರಬೇತಿ ಮುಗಿಸಿದವರಿಗೆ 750 ಗಂಟೆ ಸಾಕು ಅಂತ ವಿನಾಯಿತಿ ಕೇಳಿತ್ತು. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಎ ಒಪ್ಪಲಿಲ್ಲ.

ಅದೇ 2022ರ ಜೂನ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಸ್ವಂತ ರೀಜನಲ್‌ಗಳಲ್ಲಿ ಹೊಸ ಫಸ್ಟ್ ಆಫೀಸರ್ ಸಂಬಳ ಗಂಟೆಗೆ 90 ಡಾಲರ್ ಆಯಿತು, ತಾತ್ಕಾಲಿಕ ಹೆಚ್ಚಳವೂ ಸೇರಿ. ಕೆಲವೇ ವಾರಗಳಲ್ಲಿ ಉಳಿದವರೂ ಹಿಂದೆ ಬಂದರು. 20 ಡಾಲರ್‌ಗಿಂತ ಜಾಸ್ತಿ ಕೊಟ್ಟರೆ ಕಂಪನಿ ಮುಳುಗುತ್ತದೆ ಅಂತ ವರ್ಷಗಟ್ಟಲೆ ಹೇಳಿದವರೇ ಇವರು. ಪೈಲಟ್ ಸಿಗದೇ ಹೋದಾಗ ದುಡ್ಡು ಸಿಕ್ಕಿತು. ಇದನ್ನು ಹೇಳುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಸಣ್ಣ ಊರಿನ ಮಾತಿಗೆ ಬರೋಣ. ರೀಜನಲ್ ಜೆಟ್‌ಗಳು ಬರೀ ಸಣ್ಣ ಊರಿಗೆ ಹೋಗುತ್ತವೆ ಅಂದುಕೊಳ್ಳಬೇಡಿ. ಷಿಕಾಗೊ, ನ್ಯೂಯಾರ್ಕ್, ಬೋಸ್ಟನ್, ವಾಷಿಂಗ್ಟನ್, ಇಂಥ ಊರುಗಳ ನಡುವೆಯೂ ಇ175 ಹಾರುತ್ತದೆ. ಫಸ್ಟ್ ಕ್ಲಾಸ್ ಸೀಟು ಇದೆ. ಒಂದು ಕಾಲದಲ್ಲಿ ಮೇನ್‌ಲೈನ್‌ನ, ಅಂದರೆ ದೊಡ್ಡ ಕಂಪನಿಯ ಸ್ವಂತ ಡಿಸಿ-9 ಜೆಟ್ ಹಾರುತ್ತಿದ್ದ ದಾರಿಗಳು ಅವು. ಊರಿಗೆ ಸೇವೆ ಅಂತ ಶುರುವಾದದ್ದು ಮೇನ್‌ಲೈನ್ ಕೆಲಸವನ್ನೇ ಕಡಿಮೆ ಕೂಲಿಗೆ ಮಾಡಿಸುವ ಹಾದಿಯಾಯಿತು.

ಹಳೇ ಫೈಲು

ನಾನು ಮೇನ್‌ಲೈನ್‌ನಿಂದ ನಿವೃತ್ತಿ. ಯೂನಿಯನ್ ಕೆಲಸವನ್ನೂ ಮಾಡಿದವನು. ಸ್ಕೋಪ್ ಷರತ್ತಿನ ಬಗ್ಗೆ ಯಾರೂ ಹೇಳಿಲ್ಲ, ಅದಿಲ್ಲದೆ ಈ ಕಥೆ ತಲೆಬುಡ ಇಲ್ಲದ ಹಾಗೆ.

ದೊಡ್ಡ ಕಂಪನಿಯ ಪೈಲಟ್‌ಗಳು ಕಂಪನಿ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಒಂದು ಭಾಗ ಇದು. ನಮ್ಮ ಹೆಸರಿನಲ್ಲಿ ಹಾರುವ ವಿಮಾನವನ್ನು ನಮ್ಮ ಪಟ್ಟಿಯಲ್ಲಿ ಇರುವವರೇ ಹಾರಿಸಬೇಕು, ಹೊರಗಿನವರಿಗೆ ಕೊಡುವುದಾದರೆ ಇಷ್ಟು ಸೀಟು, ಇಷ್ಟು ತೂಕ, ಇಷ್ಟು ಸಂಖ್ಯೆ ಮೀರಬಾರದು ಅಂತ. ಇವತ್ತು ಡೆಲ್ಟಾ, ಯುನೈಟೆಡ್, ಅಮೆರಿಕನ್ ಮೂರರಲ್ಲೂ ಮಿತಿ 76 ಸೀಟು, 86,000 ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 39 ಟನ್.

ಆ 76 ಆಕಾಶದಿಂದ ಬಿದ್ದದ್ದಲ್ಲ. 1990ರ ದಶಕದಲ್ಲಿ 50 ಸೀಟಿನ ಜೆಟ್ ಬಂದಾಗ ಬೋಯಿಂಗ್ ಹಾರಿಸುವ ನಮಗ್ಯಾಕೆ ಆ ಸಣ್ಣ ವಿಮಾನ ಅಂತ ಅಂದುಕೊಂಡವರು ಪೈಲಟ್‌ಗಳಲ್ಲೇ ಬೇಕಾದಷ್ಟು ಜನ. ಮಾತುಕತೆಯ ಮೇಜಿನ ಮೇಲೆ ಸ್ವಲ್ಪ ಸ್ಕೋಪ್ ಬಿಟ್ಟುಕೊಟ್ಟರೆ ಆ ಕಡೆಯಿಂದ ಸಂಬಳಕ್ಕೆ ನಾಲ್ಕು ಕಾಸು ಜಾಸ್ತಿ ಬರುತ್ತಿತ್ತು. ಆಮೇಲೆ 2001ರ ಸೆಪ್ಟೆಂಬರ್ 11. ಯುಎಸ್ ಏರ್‌ವೇಸ್, ಯುನೈಟೆಡ್, ನಾರ್ತ್‌ವೆಸ್ಟ್, ಡೆಲ್ಟಾ ಸಾಲಾಗಿ ದಿವಾಳಿ ಕೋರ್ಟಿಗೆ ಹೋದವು. ಆಗ ಕೇಳಿ ಪಡೆಯುವ ಮಾತೇ ಇಲ್ಲ, ಕಿತ್ತುಕೊಂಡರು. 50 ಇದ್ದದ್ದು 70 ಆಯಿತು, 76 ಆಯಿತು.

ದುಃಖದ ವಿಷಯ ಅಂದರೆ ಎರಡೂ ಕಡೆ ಅನೇಕ ಕಂಪನಿಗಳಲ್ಲಿ ಪೈಲಟ್‌ಗಳ ಯೂನಿಯನ್ ಒಂದೇ, ಅಲ್ಪಾ (ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್). ಕಾಮ್‌ಏರ್‌ನ ಪೈಲಟ್‌ಗಳ ಒಂದು ಗುಂಪು ತಮ್ಮದೇ ಯೂನಿಯನ್ ಮೇಲೆ ಕೋರ್ಟಿಗೆ ಹೋಗಿತ್ತು. ನಿಮ್ಮ ಸ್ಕೋಪ್ ನಿಮ್ಮನ್ನು ಕಾಯುತ್ತದೆ, ನಮ್ಮ ಬೆಳವಣಿಗೆಯನ್ನು ಕಟ್ಟಿಹಾಕುತ್ತದೆ ಅನ್ನೋದು ಅವರ ನೋವು. ಅದು ಸುಳ್ಳಲ್ಲ. ಆದರೆ ಸ್ಕೋಪ್ ಸಡಿಲಿಸಿದ್ದರೆ ಅವರ ಮುಂದಿನ ಕೆಲಸವೇ ಕರಗಿಹೋಗುತ್ತಿತ್ತು. ಇವತ್ತು 76 ಸೀಟು, ನಾಳೆ 100 ಸೀಟು ಹೊರಗೆ ಹೋದರೆ, ರೀಜನಲ್ ಹುಡುಗ ಹತ್ತಬೇಕಾದ ಮೆಟ್ಟಿಲೇ ಇರೋದಿಲ್ಲ.

ಸ್ಕೋಪ್‌ಗೆ ಎಷ್ಟು ಬಲ ಇದೆ ಅಂತ ನೋಡಬೇಕಾದರೆ ಸಿಆರ್‌ಜೆ-550 ಹತ್ತಿ. 2019ರಲ್ಲಿ ಯುನೈಟೆಡ್‌ಗಾಗಿ ಗೋಜೆಟ್ ಶುರು ಮಾಡಿದ್ದು. ವಿಮಾನ ನಿಜಕ್ಕೂ 70 ಸೀಟಿನ ಸಿಆರ್‌ಜೆ-700. ಒಪ್ಪಂದದಲ್ಲಿ 70, 76 ಸೀಟಿನ ಜೆಟ್‌ಗಳ ಲೆಕ್ಕ ತುಂಬಿತ್ತು, 50 ಸೀಟಿನದಕ್ಕೆ ಮಾತ್ರ ಜಾಗ ಇತ್ತು. ಅದಕ್ಕೇ ಸೀಟು ಕಿತ್ತು 50ಕ್ಕೆ ಇಳಿಸಿದರು. ಒಳಗೆ ಹೋದರೆ ಮುಂದೆ 10 ಫಸ್ಟ್ ಕ್ಲಾಸ್ ಸೀಟು, ಸೀಟು ಇರಬೇಕಾದ ಜಾಗದಲ್ಲಿ ಕೈಚೀಲ ಇಡೋಕೆ ದೊಡ್ಡ ಬೀರು. ಎಂಬ್ರೇಯರ್‌ನ ಹೊಸ ಇ175-ಇ2 ಎಣ್ಣೆ ಉಳಿಸುವ ವಿಮಾನ, ಆದರೆ 86,000 ಪೌಂಡ್ ಮೀರುತ್ತದೆ. ಅದಕ್ಕೇ ಅಮೆರಿಕದ ರೀಜನಲ್‌ಗಳು ಇವತ್ತಿಗೂ ಹಳೆ ಇ175 ಅನ್ನೇ ಕೊಳ್ಳುತ್ತವೆ.

ಸ್ಕೋಪ್ ಒಳ್ಳೆ ರೀತಿಯಲ್ಲಿ ಬಳಸಿದ್ದೂ ಇದೆ. 2012ರಲ್ಲಿ ಡೆಲ್ಟಾ ಪೈಲಟ್‌ಗಳು 76 ಸೀಟಿನವು ಇನ್ನಷ್ಟು ಬರಲಿ ಅಂತ ಒಪ್ಪಿದರು. ಬದಲಿಗೆ 50 ಸೀಟಿನವು ರಾಶಿಗಟ್ಟಲೆ ಹೊರಗೆ ಹೋಗಬೇಕು, 88 ಬೋಯಿಂಗ್ 717 ಮೇನ್‌ಲೈನ್‌ಗೆ ಬರಬೇಕು ಅಂತ. ಬಂದವು. ಅಷ್ಟು ವಿಮಾನದ ಪೈಲಟ್ ಕೆಲಸ ಮೇನ್‌ಲೈನ್ ಪಟ್ಟಿಗೆ ಬಂತು.

ಹುಬ್ಬಳ್ಳಿ ಧೂಳು

ಹಾಗಾದರೆ ನಮ್ಮಲ್ಲಿ ಇಂಡಿಗೊ 2023ರಿಂದ ಟರ್ಕಿಶ್ ಏರ್‌ಲೈನ್ಸ್‌ನ 777 ತಗೊಂಡು ದೆಹಲಿ, ಮುಂಬೈಯಿಂದ ಇಸ್ತಾಂಬುಲ್‌ಗೆ ಹಾರಿಸಿದ್ದೂ ಇದೇ ಜಾತಿಯಾ? ಪೈಲಟ್‌ಗಳು ಟರ್ಕಿಶ್‌ನವರೇ ಇದ್ದರಲ್ಲ.

ಹಳೇ ಫೈಲು

ಹತ್ತಿರದ್ದು. ಪೈಲಟ್ ಸಮೇತ ವಿಮಾನ ಬಾಡಿಗೆಗೆ ತರುವ ಅದನ್ನು ಡ್ಯಾಂಪ್ ಲೀಸ್ ಅನ್ನುತ್ತಾರೆ. ವ್ಯತ್ಯಾಸ ಏನೆಂದರೆ ಅಲ್ಲಿ ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ಇಷ್ಟು ತಿಂಗಳು ಅಂತ ಅವಧಿ ಇಟ್ಟು ಅನುಮತಿ ಕೊಡುತ್ತದೆ. ಅಮೆರಿಕದಲ್ಲಿ ಈ ಗಡಿ ಹಾಕೋದು ಸರ್ಕಾರ ಅಲ್ಲ, ಪೈಲಟ್‌ಗಳ ಒಪ್ಪಂದ. ನಮ್ಮ ದೇಶದ ಪೈಲಟ್‌ಗಳು ಈ ವಿಷಯವನ್ನು ಈಗಿನಿಂದಲೇ ಗಮನಿಸಬೇಕು ಅಂತ ನನ್ನ ಮನಸ್ಸಿನ ಮಾತು.

ದಾವಣಗೆರೆ ಅಮ್ಮ

ಎಲ್ಲರಿಗೂ ಧನ್ಯವಾದ. ಮಗನಿಗೂ ಓದಿಸಿದೆ. ಅವನು ಕೇಳುತ್ತಿದ್ದಾನೆ: ಫ್ಲೋ ಇದೆ, ತಾನಾಗಿಯೇ ಮೇಲಕ್ಕೆ ಹೋಗುತ್ತೇನೆ ಅಂತ ಕಂಪನಿಯವರು ಹೇಳಿದ್ದಾರೆ, ಅದನ್ನು ನಂಬಬಹುದಾ? ಕ್ಯಾಪ್ಟನ್ ಆಗೋಕೆ ಎಷ್ಟು ಕಾಲ?

ಬಲಸೀಟು

ಫ್ಲೋ ನಿಜ ಅಮ್ಮ, ಸುಳ್ಳಲ್ಲ. ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್ ಮೂರೂ ಅಮೆರಿಕನ್ ಏರ್‌ಲೈನ್ಸ್‌ನವೇ. ಅಲ್ಲಿಂದ ಸೀನಿಯಾರಿಟಿ ಪ್ರಕಾರ ಸಂದರ್ಶನವಿಲ್ಲದೆ ಮೇಲೆ ಹೋಗುತ್ತಾರೆ. ಯುನೈಟೆಡ್‌ಗೆ ಏವಿಯೇಟ್ ಅಂತ ಬೇರೆ ಕಾರ್ಯಕ್ರಮ ಇದೆ, ಅದಕ್ಕೆ ಆಯ್ಕೆ ಬೇರೆ. ಆದರೆ ತಿಂಗಳಿಗೆ ಎಷ್ಟು ಜನ ಅನ್ನೋದು ಮೇಲಿನ ಕಂಪನಿಗೆ ಎಷ್ಟು ಜನ ಬೇಕು ಅನ್ನೋದರ ಮೇಲೆ. 2022, 2023ರಲ್ಲಿ ನಲ್ಲಿ ಪೂರ್ತಿ ತೆರೆದಿತ್ತು. ಕೋವಿಡ್ ಕಾಲದಲ್ಲಿ ಹಿರಿಯರಿಗೆ ದುಡ್ಡು ಕೊಟ್ಟು ಬೇಗ ನಿವೃತ್ತಿ ಮಾಡಿಸಿದ್ದರು, ಜನ ವಾಪಸ್ ಹಾರೋಕೆ ಶುರು ಮಾಡಿದಾಗ ಪೈಲಟ್ ಇರಲಿಲ್ಲ. 2024ರಲ್ಲಿ ಬೋಯಿಂಗ್ ವಿಮಾನಗಳು ತಡವಾದವು, ಯುನೈಟೆಡ್ ಮತ್ತು ಸೌತ್‌ವೆಸ್ಟ್ ನೇಮಕಾತಿ ನಿಲ್ಲಿಸಿದವು, ಸ್ಪಿರಿಟ್ ತನ್ನ ಪೈಲಟ್‌ಗಳನ್ನೇ ಮನೆಗೆ ಕಳಿಸಿತು. ಮೇಲೆ ಹೋಗೋದು ನಿಂತರೆ ಕೆಳಗೆ ಎಲ್ಲರೂ ನಿಲ್ಲುತ್ತಾರೆ.

ಕ್ಯಾಪ್ಟನ್ ಆಗೋಕೆ ಏರ್‌ಲೈನ್‌ನಲ್ಲೇ ಫಸ್ಟ್ ಆಫೀಸರ್ ಆಗಿ 1000 ಗಂಟೆ ಬೇಕು, ಇದು ಎಫ್‌ಎಎ ನಿಯಮ. ರಿಸರ್ವ್‌ನಲ್ಲಿ ಕೂತರೆ ಆ 1000 ಆಮೆ ನಡಿಗೆಯಲ್ಲಿ ಬರುತ್ತದೆ.

ಎಡಸೀಟು

ಅಕ್ಕಾ, ಮಗ ಸಹಿ ಹಾಕುವ ಮುಂಚೆ ಇಷ್ಟು ಕೇಳಲಿ. ಕಳೆದ 12 ತಿಂಗಳಲ್ಲಿ ನಿಜವಾಗಿ ಎಷ್ಟು ಜನ ಫ್ಲೋ ಆದರು, ಹೋದವರು ಯಾವ ವರ್ಷ ಸೇರಿದವರು. ಪೋಸ್ಟರ್‌ನಲ್ಲಿ ಇರುವ ಸಂಖ್ಯೆ ಬೇಡ. ಗುತ್ತಿಗೆ ಯಾವ ವರ್ಷ ಮುಗಿಯುತ್ತದೆ. ವಿಮಾನ ಯಾರದು, ಸಣ್ಣ ಕಂಪನಿಯದಾ ದೊಡ್ಡ ಕಂಪನಿಯದಾ. ದೊಡ್ಡವರದೇ ಆದರೆ ಅವರು ಯಾವಾಗ ಬೇಕಾದರೂ ಇನ್ನೊಬ್ಬರ ಕೈಗೆ ಕೊಡಬಹುದು. ಮತ್ತೆ, ಅವನಿಗೆ ಸಿಗುವ ಬೇಸ್ ಎಲ್ಲಿ. ಬೋನಸ್‌ಗಿಂತ ಬೇಸ್ ಮುಖ್ಯ. ಡಲ್ಲಾಸ್‌ನಲ್ಲಿ ಮನೆಯಿಂದ ಕಾರಿನಲ್ಲಿ ಹೋಗುವಂತಿದ್ದರೆ ಮಗನ ಕೈಲಿ ನಿದ್ದೆ, ದುಡ್ಡು ಎರಡೂ ಉಳಿಯುತ್ತವೆ. ಬೇರೆ ಊರಾದರೆ ಡ್ಯೂಟಿಗೆ ಹೋಗೋಕೆ ಜಂಪ್ ಸೀಟ್‌ಗೆ (ಸಿಬ್ಬಂದಿಗೆ ಇರುವ ಹೆಚ್ಚುವರಿ ಸೀಟು) ಕಾಯಬೇಕು, ಕ್ರ್ಯಾಶ್ ಪ್ಯಾಡ್‌ನಲ್ಲಿ (ಪೈಲಟ್‌ಗಳು ಹಂಚಿಕೊಂಡ ಬಾಡಿಗೆ ಮನೆ) ಬಂಕ್ ಮೇಲೆ ಮಲಗಬೇಕು. ಕೋಲ್ಗನ್ ಕಥೆ ಮೇಲೆ ಬರೆದಿದ್ದೇನಲ್ಲ.

ದಾವಣಗೆರೆ ಅಮ್ಮ

ಕರಾರು ಪತ್ರ ತೆಗೆದು ನೋಡಿದೆವು. ಬೇಸ್ ಷಿಕಾಗೊ ಅಂತ ಇದೆ, ಡಲ್ಲಾಸ್‌ಗೆ ಬರೋಕೆ ಕಾಯಬೇಕಂತೆ. ಎರಡು ವರ್ಷದೊಳಗೆ ಬಿಟ್ಟರೆ ಬೋನಸ್ ಪೂರ್ತಿ ವಾಪಸ್. ದೊಡ್ಡ ಕಂಪನಿ ಕರೆದು ಹೋದರೂ ಕಟ್ಟಬೇಕಾ ಅನ್ನೋದು ಅದರಲ್ಲಿ ಇಲ್ಲ.

ಹಳೇ ಫೈಲು

ಹಾಗಾದರೆ ಅದನ್ನು ಬರವಣಿಗೆಯಲ್ಲಿ ಕೇಳಿಸಿ ತಾಯಿ. ಎರಡು ಪ್ರಶ್ನೆ. ಮೇನ್‌ಲೈನ್ ಕರೆದರೆ ಬೋನಸ್ ಮಾಫ್ ಆಗುತ್ತಾ? ಅದಿಲ್ಲದಿದ್ದರೆ ಕೆಲಸ ಮಾಡಿದ ತಿಂಗಳಷ್ಟು ಕಳೆದು ಉಳಿದದ್ದನ್ನು ಮಾತ್ರ ಕಟ್ಟಿದರೆ ಸಾಕಾ? ರಿಕ್ರೂಟರ್ ಫೋನಿನಲ್ಲಿ "ಆಗುತ್ತೆ" ಅಂದದ್ದಕ್ಕೆ ಬೆಲೆ ಇಲ್ಲ, ಈಮೇಲ್ ಬರಬೇಕು. ಕಂಪನಿಯಲ್ಲಿ ಯೂನಿಯನ್ ಇದ್ದರೆ ಅವರ ಕಾಂಟ್ರ್ಯಾಕ್ಟ್ ಕಮಿಟಿಗೆ ಆ ಪುಟ ತೋರಿಸಲಿ.

ಬಲಸೀಟು

ಷಿಕಾಗೊ ಬೇಸ್ ಆದರೆ ಬೋನಸ್ ಖರ್ಚು ಮಾಡದೆ ಬ್ಯಾಂಕಲ್ಲಿ ಇಟ್ಟಿರಲಿ ಅಮ್ಮ. ಬೇಕಾದಾಗ ವಾಪಸ್ ಕಟ್ಟಿ ಹೊರಡಬಹುದು. ಕ್ಲಾಸ್ ಡೇಟ್ (ತರಬೇತಿ ಶುರುವಾಗುವ ದಿನ) ಯಾವಾಗ ಅಂತ ಮೊದಲು ಬರೆಸಿಕೊಳ್ಳಲಿ. ಒಂದೇ ದಿನ ಸೇರಿದವರಲ್ಲಿ ನಂಬರ್ ಹೇಗೆ ಕೊಡುತ್ತಾರೆ ಅಂತಲೂ ಕೇಳಲಿ. ಕೆಲವು ಕಡೆ ವಯಸ್ಸಿನ ಮೇಲೆ ಕೊಡುತ್ತಾರೆ. ಷಿಕಾಗೊದಲ್ಲಿ ಇರೋಕೆ ಜಾಗ ಬೇಕಾದರೆ ನನಗೆ ಇಲ್ಲೇ ಮೆಸೇಜ್ ಮಾಡಲಿ, ನಮ್ಮ ಕ್ರ್ಯಾಶ್ ಪ್ಯಾಡ್‌ನಲ್ಲಿ ಬಂಕ್ ಖಾಲಿ ಇದೆ.